ರಾಷ್ಟ್ರಪತಿಗಳು ಬರುವ ದಿನ ಊರಿನ ವರ್ತಕರ ಕೆಲಸ

(ಕಲಬುರಗಿಯಲ್ಲಿ ಯುವ ವರ್ತಕರು ಮತ್ತು ಸಣ್ಣ ಉದ್ದಿಮೆದಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

2009ರ ಜನವರಿ 7ರಂದು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ ಅವರು ನಮ್ಮೂರಿನ ಬುದ್ಧ ವಿಹಾರವನ್ನು ಉದ್ಘಾಟಿಸಿದರು. ದೇಶದ ಮೊದಲ ಮಹಿಳಾ ರಾಷ್ಟ್ರಪತಿ ಅವರು. ಆಗ ಊರಿನ ಹೆಸರು ಇನ್ನೂ ಗುಲಬರ್ಗಾ, ವಿಮಾನ ನಿಲ್ದಾಣ ಇರಲಿಲ್ಲ. ನಿಮ್ಮಲ್ಲಿ ಅನೇಕರು ಆಗ ಶಾಲೆಯಲ್ಲಿದ್ದವರು. ಇಂಥ ದಿನಗಳ ನೆನಪು ಕೇಳಿದರೆ ಜನ ಕಟ್ಟಡ, ಭಾಷಣ, ಪೊಲೀಸರ ಸಾಲು ಇಷ್ಟನ್ನು ಹೇಳುತ್ತಾರೆ. ಕುರ್ಚಿ ಎಲ್ಲಿಂದ ಬಂತು, ಕರೆಂಟು ಹೋದರೆ ಏನು ಮಾಡಬೇಕೆಂದು ಯಾರು ಯೋಚಿಸಿದ್ದರು, ಅಂದು ಗಂಜ್‌ಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ತೊಗರಿ ತಂದ ರೈತನಿಗೆ ಏನಾಯಿತು ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ನಾನು ಇವತ್ತು ಮಾತಾಡುವುದು ಅದರ ಬಗ್ಗೆಯೇ. ಯಾಕೆಂದರೆ ಮುಂದೆ ರಾಷ್ಟ್ರಪತಿಗಳು ವರ್ತಕರ ಸಭೆಗೋ, ಕಾಲೇಜಿನ ಅಮೃತ ಮಹೋತ್ಸವಕ್ಕೋ ಬಂದಾಗ ಆತಿಥ್ಯದ ಭಾರ ನಿಮ್ಮ ಹೆಗಲ ಮೇಲೆಯೇ ಬೀಳುತ್ತದೆ. ಅಂಥ ಸಮಾರಂಭ ಕೆಡುವುದು ದೊಡ್ಡ ತಪ್ಪಿನಿಂದಲ್ಲ. ಎಲೆಕ್ಟ್ರಿಷಿಯನ್ ಕೈಗೆ ಪಾಸು ಸಿಗದೆ ಅವನು ಗೇಟಿನ ಹೊರಗೇ ನಿಂತುಬಿಟ್ಟರೆ ಸಾಕು.

ಮೊದಲು ಯಾವುದು ಯಾರ ಕೈಯಲ್ಲಿದೆ ಎಂಬುದು ಸ್ಪಷ್ಟವಾಗಿರಲಿ. ಪ್ರವಾಸ ಕಾರ್ಯಕ್ರಮ ಹೊರಡುವುದು ರಾಷ್ಟ್ರಪತಿಗಳ ಸಚಿವಾಲಯದಿಂದ. ಅದು ರಾಜ್ಯದ ಶಿಷ್ಟಾಚಾರ ವಿಭಾಗಕ್ಕೆ, ಅಲ್ಲಿಂದ ನಮ್ಮ ಜಿಲ್ಲಾಧಿಕಾರಿಗಳಿಗೆ ಬರುತ್ತದೆ. ಭದ್ರತೆಗೆ ಕೇಂದ್ರ ಗೃಹ ಸಚಿವಾಲಯದ ನಿಯಮಾವಳಿ ಇದೆ, ಪೊಲೀಸರು ಅದನ್ನು ಬ್ಲೂ ಬುಕ್ ಅನ್ನುತ್ತಾರೆ. ಅದರ ಒಳಗಿನದು ನಮಗೆ ಸಂಬಂಧಿಸಿದ್ದಲ್ಲ, ಕೇಳಲೂ ಹೋಗಬಾರದು. ನಮಗೆ ಸಂಬಂಧಿಸಿದ್ದು ಮುಂಗಡ ಭದ್ರತಾ ಸಭೆ. ಎಲ್ಲ ಇಲಾಖೆಯವರು ಸ್ಥಳಕ್ಕೇ ಬಂದು, ಕಾರು ನಿಲ್ಲುವ ಜಾಗದಿಂದ ವೇದಿಕೆಯವರೆಗೆ ನಡೆದು ನೋಡುತ್ತಾರೆ. ಆ ಹೊತ್ತಿಗೆ ಆತಿಥೇಯರ ಕಡೆಯಿಂದ ಒಬ್ಬರೇ ಉತ್ತರ ಕೊಡಬೇಕು. ಐದು ಜನ ಐದು ಉತ್ತರ ಕೊಟ್ಟರೆ ಅಧಿಕಾರಿಗಳು ಎಲ್ಲದಕ್ಕೂ ಬೇಡ ಅಂತ ಬರೆದುಕೊಳ್ಳುತ್ತಾರೆ, ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಾರೆ. ಆ ಒಬ್ಬರ ಕೈಯಲ್ಲಿ ಸಭಾಂಗಣದ ನಕ್ಷೆ ಇರಲಿ. ಬಾಗಿಲುಗಳು, ಅವುಗಳ ಅಗಲ, ಶೌಚಾಲಯ, ಜನರೇಟರ್ ಜಾಗ, ವಿದ್ಯುತ್ ಪ್ಯಾನೆಲ್ ಎಲ್ಲ ಗುರುತು ಮಾಡಿದ ನಕ್ಷೆ, ಹತ್ತು ಪ್ರತಿ. ಲೋಕೋಪಯೋಗಿ ಇಲಾಖೆಯಿಂದ ವೇದಿಕೆ ಮತ್ತು ಪೆಂಡಾಲು ಗಟ್ಟಿಯಾಗಿವೆ ಎಂಬ ಪ್ರಮಾಣಪತ್ರ, ವಿದ್ಯುತ್ ಪರಿವೀಕ್ಷಕರ ಪತ್ರ, ಅಗ್ನಿಶಾಮಕ ದಳದ ಪತ್ರ ಈ ಮೂರನ್ನೂ ಯಾರು, ಯಾವ ದಿನ ತರುತ್ತಾರೆಂದು ಅಲ್ಲೇ ತೀರ್ಮಾನವಾಗಲಿ. ಪೆಂಡಾಲು ಪೂರ್ತಿ ನಿಂತ ಮೇಲಷ್ಟೇ ಪ್ರಮಾಣಪತ್ರ ಕೊಡಲು ಸಾಧ್ಯ. ಹಾಗಾಗಿ ಹಿಂದಿನ ರಾತ್ರಿವರೆಗೂ ಬಟ್ಟೆ ಕಟ್ಟುವ ನಮ್ಮ ಮದುವೆ ಮನೆಯ ರೂಢಿ ಇಲ್ಲಿ ನಡೆಯುವುದಿಲ್ಲ. ಎರಡು ದಿನ ಮೊದಲೇ ಪೆಂಡಾಲಿನ ಕೆಲಸ ಮುಗಿದಿರಬೇಕು.

ಈಗ ಪಾಸಿನ ವಿಷಯ. ಅತಿ ಹೆಚ್ಚು ತೊಂದರೆ ಕೊಡುವುದು ಇದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಳಗೆ ಬರುವ ಪ್ರತಿಯೊಬ್ಬರ ಹೆಸರು, ಫೋಟೊ, ಗುರುತಿನ ಚೀಟಿ ಪೊಲೀಸರಿಗೆ ಹೋಗಬೇಕು. ಗಣ್ಯರ ಪಟ್ಟಿಯನ್ನು ಎಲ್ಲರೂ ಜೋಪಾನವಾಗಿ ಮಾಡುತ್ತಾರೆ. ಮರೆತುಹೋಗುವುದು ಕೆಲಸದವರ ಪಟ್ಟಿ. ಮೈಕಿನವರು, ಜನರೇಟರ್ ನಡೆಸುವವರು, ಹೂವಿನ ಅಲಂಕಾರದವರು, ಅಡುಗೆಯವರು, ಬಡಿಸುವವರು, ಶೌಚಾಲಯ ಸ್ವಚ್ಛ ಮಾಡುವವರು, ನಾಡಗೀತೆ ಹಾಡುವ ಮಕ್ಕಳು, ಆ ಮಕ್ಕಳ ಹಾರ್ಮೋನಿಯಂ ಹೊತ್ತು ತರುವವರು ಎಲ್ಲರಿಗೂ ಪಾಸು ಬೇಕು. ನಮ್ಮ ಕಡೆ ಇನ್ನೊಂದು ತೊಡಕಿದೆ. ಊರಲ್ಲಿ ಎಲ್ಲರೂ ಶರಣಪ್ಪ ಅನ್ನುವವರ ಆಧಾರ್ ಕಾರ್ಡಿನಲ್ಲಿ ಶರಣಬಸಪ್ಪ ಅಂತ ಇರುತ್ತದೆ. ಬಾಯಲ್ಲಿ ಮಲ್ಲಪ್ಪ, ಕಾರ್ಡಿನಲ್ಲಿ ಮಲ್ಲಿಕಾರ್ಜುನ. ಮುಕಾದಮ (ಕೆಲಸದವರ ಮೇಸ್ತ್ರಿ) ಬಾಯಿಂದ ಹೇಳಿದ ಹೆಸರನ್ನು ಬರೆದು ಕಳಿಸಿದರೆ ಗೇಟಿನಲ್ಲಿ ಹೆಸರು ಹೊಂದುವುದಿಲ್ಲ, ಪೊಲೀಸರು ಬಿಡುವುದಿಲ್ಲ, ಬಿಡಬಾರದು ಕೂಡ. ಆದ್ದರಿಂದ ಪಟ್ಟಿಯನ್ನು ಕಾರ್ಡು ನೋಡಿಯೇ ಬರೆಯಿರಿ. ಕಾಗುಣಿತ ಕೂಡ ಕಾರ್ಡಿನದ್ದೇ ಇರಲಿ. ಎಲೆಕ್ಟ್ರಿಷಿಯನ್ ಇಬ್ಬರು ಸಾಕು ಎನ್ನುವಲ್ಲಿ ನಾಲ್ವರ ಹೆಸರು ಕೊಡಿ. ಕೊನೆಯ ದಿನ ಒಬ್ಬನಿಗೆ ಜ್ವರ ಬಂದರೆ ಹೊಸ ಹೆಸರು ಸೇರಿಸಲು ಆಗುವುದಿಲ್ಲ.

ಗೇಟಿನ ಲೆಕ್ಕ ಹೀಗೆ. 1,000 ಜನ, ತಪಾಸಣೆಯ ನಾಲ್ಕು ಬಾಗಿಲು ಅಂದುಕೊಳ್ಳಿ. ಒಂದು ಬಾಗಿಲಿಗೆ 250 ಜನ. ಒಬ್ಬರಿಗೆ 10 ಸೆಕೆಂಡ್ ಅಂದರೂ 42 ನಿಮಿಷ ಬೇಕು. ಕಿಸೆಯಲ್ಲಿ ಪವರ್ ಬ್ಯಾಂಕ್, ಲೈಟರ್, ಅಡಿಕೆ ಕತ್ತರಿ, ಸುಣ್ಣದ ಡಬ್ಬಿ ಇದ್ದರೆ ಒಬ್ಬರಿಗೇ ಒಂದು ನಿಮಿಷ ಹಿಡಿಯುತ್ತದೆ, ಹಿಂದಿನವರೆಲ್ಲ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ಹಾಗಾಗಿ ಏನು ತರಬಾರದು ಎಂಬುದನ್ನು ಆಮಂತ್ರಣದ ಜತೆಗೆ ಬೇರೆ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ. ಜನರು ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ಕುರ್ಚಿಯಲ್ಲಿರಬೇಕಾದರೆ ಎರಡು ಗಂಟೆ ಮೊದಲು ಗೇಟಿಗೆ ಬರಬೇಕು. ತಪಾಸಣೆಗೆ ನಿಲ್ಲುವ ಸಾಲಿನ ಮೇಲೂ ನೆರಳು ಹಾಕಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ವಯಸ್ಸಾದವರು ತಲೆಸುತ್ತಿ ಬೀಳುವುದು ಸಭೆಯಲ್ಲಲ್ಲ, ಈ ಸಾಲಿನಲ್ಲಿ. ನೀರು ತಲೆಗೆ ಮುಕ್ಕಾಲು ಲೀಟರ್ ಹಿಡಿದರೆ 1,000 ಜನಕ್ಕೆ 750 ಲೀಟರ್, ಅಂದರೆ 20 ಲೀಟರಿನ 38 ಕ್ಯಾನ್. 45 ತರಿಸಿ. ನೀರನ್ನೂ ತಪಾಸಣೆಯಾದ ಮೇಲೇ ಒಳಗೆ ಬಿಡುವುದರಿಂದ ಕ್ಯಾನುಗಳು ಬೆಳಗ್ಗೆಯೇ ಬಂದಿರಬೇಕು.

ಆಮಂತ್ರಣ ಪತ್ರಿಕೆ ಅಂದಾಗ ಇನ್ನೆರಡು ವಿಷಯ. ಅನೇಕರು ಇನ್ನೂ ‘ಘನತೆವೆತ್ತ’ ಅಂತ ಮುದ್ರಿಸುತ್ತಾರೆ. ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು 2012ರಲ್ಲಿಯೇ ದೇಶದೊಳಗಿನ ಸಮಾರಂಭಗಳಿಗೆ ಇಂಥ ವಸಾಹತು ಕಾಲದ ಸಂಬೋಧನೆಗಳು ಬೇಡವೆಂದು ತೀರ್ಮಾನಿಸಿದರು. ‘ಮಾನ್ಯ ರಾಷ್ಟ್ರಪತಿಗಳು’ ಅಥವಾ ‘ಗೌರವಾನ್ವಿತ ರಾಷ್ಟ್ರಪತಿಗಳು’ ಎಂದರೆ ಸಾಕು. ಪತ್ರಿಕೆಯ ಕರಡನ್ನು ಜಿಲ್ಲಾಡಳಿತದ ಮೂಲಕ ಒಪ್ಪಿಗೆಗೆ ಕಳಿಸಿ, ಒಪ್ಪಿಗೆ ಬರುವ ಮೊದಲು ಮುದ್ರಣಕ್ಕೆ ಕೊಡಬೇಡಿ. ನಾಲ್ಕು ಸಿಂಹದ ಲಾಂಛನವನ್ನು ಖಾಸಗಿ ಸಂಸ್ಥೆಯವರು ತಮ್ಮ ಪತ್ರಿಕೆಯ ತಲೆಗೆ ಹಾಕುವಂತಿಲ್ಲ. ಅದಕ್ಕೆ 2005ರ ರಾಷ್ಟ್ರ ಲಾಂಛನದ ಕಾಯ್ದೆ ಇದೆ. ಭೇಟಿ ಮುಗಿದ ಮೇಲೆ ‘ರಾಷ್ಟ್ರಪತಿಗಳಿಗೆ ಊಟ ಬಡಿಸಿದವರು’, ‘ರಾಷ್ಟ್ರಪತಿಗಳಿಗೆ ಬಿದರಿ ಕೊಟ್ಟ ಅಂಗಡಿ’ ಅಂತ ಬೋರ್ಡು ಹಾಕುವ ಆಸೆ ಯಾರಿಗಾದರೂ ಬರಬಹುದು. 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ಪ್ರಕಾರ ರಾಷ್ಟ್ರಪತಿಗಳ ಹೆಸರು, ಮುದ್ರೆಗಳನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ನಿಮಗೆ ಕೆಲಸ ಮಾಡಿಕೊಟ್ಟ ಕೇಟರಿಂಗಿನವರಿಗೂ ಪೆಂಡಾಲಿನವರಿಗೂ ಇದನ್ನು ಮೊದಲೇ ತಿಳಿಸಿ. ಅವರಿಗೆ ಗೊತ್ತಿರುವುದಿಲ್ಲ.

ವೇದಿಕೆಯ ಸಮಯದ ಲೆಕ್ಕಕ್ಕೆ ಬರೋಣ. ‘ಮಿನಿಟ್ ಟು ಮಿನಿಟ್’ ಅಂತ ಒಂದು ಹಾಳೆ ಬರುತ್ತದೆ. ನಮಗೆ 40 ನಿಮಿಷ ಕೊಟ್ಟಿದ್ದಾರೆ ಅಂದುಕೊಂಡು ನೀವೇ ಕೂಡಿಸಿ ನೋಡಿ. ವೇದಿಕೆಗೆ ಬಂದು ಆಸೀನರಾಗಲು 2 ನಿಮಿಷ. ರಾಷ್ಟ್ರಗೀತೆ ಸುಮಾರು 52 ಸೆಕೆಂಡ್, ಒಂದು ನಿಮಿಷ ಹಿಡಿಯಿರಿ. ನಾಡಗೀತೆಗೆ ರಾಜ್ಯ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ನಿಗದಿ ಮಾಡಿದೆ. ದೀಪ ಬೆಳಗಲು 2, ಸ್ವಾಗತ 3, ಗೌರವ ಸಮರ್ಪಣೆ ಎರಡೂವರೆ, ಆತಿಥೇಯ ಸಂಸ್ಥೆಯ ಅಧ್ಯಕ್ಷರ ಮಾತು 4, ರಾಜ್ಯಪಾಲರು 5, ಮುಖ್ಯಮಂತ್ರಿ ಅಥವಾ ಅವರ ಪರವಾಗಿ ಬಂದ ಸಚಿವರು 5, ರಾಷ್ಟ್ರಪತಿಗಳ ಭಾಷಣ 12, ಕೊನೆಗೆ ಮತ್ತೆ ರಾಷ್ಟ್ರಗೀತೆ 1. ಸರಿಯಾಗಿ 40 ಆಯಿತು. ವಂದನಾರ್ಪಣೆಗೆ ಜಾಗವೇ ಇಲ್ಲ, ಅದನ್ನು ಸ್ವಾಗತದಲ್ಲೇ ಸೇರಿಸಬೇಕು. ಈ ಲೆಕ್ಕ ಕೆಡುವುದು ನಮ್ಮ ಉಪಚಾರದ ಮಾತುಗಳಿಂದ. ವೇದಿಕೆ ಮೇಲಿನವರ ಮತ್ತು ಮುಂದಿನ ಸಾಲಿನವರ 15 ಹೆಸರನ್ನು ಬಿರುದು ಸಮೇತ ಹೇಳಿದರೆ ಒಬ್ಬರಿಗೆ 8 ಸೆಕೆಂಡಿನಂತೆ ಎರಡು ನಿಮಿಷ. ನಾಲ್ಕು ಭಾಷಣಕಾರರೂ ಹಾಗೇ ಹೇಳಿದರೆ 8 ನಿಮಿಷ ಹೋಯಿತು. ಎಂಟು ನಿಮಿಷ ತಡವಾದರೆ ಮುಂದಿನ ಊರಿನಲ್ಲಿ ಕಾದವರಿಗೆ ತಡ, ಹೆಲಿಕಾಪ್ಟರ್ ಇದ್ದರೆ ಬೆಳಕಿನ ಪ್ರಶ್ನೆ. ಒಬ್ಬರು ಮಾತ್ರ ಹೆಸರು ಹೇಳಲಿ, ಉಳಿದವರು ‘ವೇದಿಕೆ ಮೇಲಿರುವ ಎಲ್ಲ ಗಣ್ಯರೆ’ ಅಂದು ಮಾತು ಶುರು ಮಾಡಲಿ. ಅಧ್ಯಕ್ಷರ 4 ನಿಮಿಷದ ಮಾತನ್ನು ಬರೆದು, ಗಟ್ಟಿಯಾಗಿ ಓದಿ, ಗಡಿಯಾರ ಹಿಡಿದು ನೋಡಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಸಮಯ ಕಡಿಮೆ ತೋರುತ್ತದೆ.

ದೀಪ ಬೆಳಗುವುದು ಸಣ್ಣ ಕೆಲಸ ಅನಿಸುತ್ತದೆ. ಎಲ್ಲ ಕ್ಯಾಮೆರಾಗಳೂ ಅಲ್ಲೇ ನೆಟ್ಟಿರುವ ಹೊತ್ತಿನಲ್ಲಿ ದೀಪ ಹತ್ತದೇ ಇರುವುದು ಎಷ್ಟೋ ಸಭೆಗಳಲ್ಲಿ ಆಗಿದೆ. ಒಂದೋ ಬತ್ತಿ ಒಣಗಿರುತ್ತದೆ. ಇಲ್ಲವೇ ಏರ್ ಕೂಲರ್ ಮುಖ ದೀಪದ ಕಡೆಗಿರುತ್ತದೆ. ಬತ್ತಿಗಳನ್ನು ಅರ್ಧ ಗಂಟೆ ಮೊದಲು ಎಣ್ಣೆಯಲ್ಲಿ ಪೂರ್ತಿ ನೆನೆಸಿ, ತುದಿಯನ್ನು ಒಮ್ಮೆ ಹತ್ತಿಸಿ ಆರಿಸಿ ಕಪ್ಪು ಮಾಡಿಡಿ, ಮೇಲೆ ಚೂರು ಕರ್ಪೂರ ಇಡಿ. ದೀಪದ ಕಂಬವನ್ನು ಫ್ಯಾನು, ಕೂಲರುಗಳ ಗಾಳಿ ತಾಗದ ಕಡೆ ನಿಲ್ಲಿಸಿ. ಬೆಂಕಿಪೊಟ್ಟಣ ಒಬ್ಬ ಗೊತ್ತಾದ ವ್ಯಕ್ತಿಯ ಬಳಿ ಇದೆ ಎಂದು ಭದ್ರತಾ ಅಧಿಕಾರಿಗೆ ಮೊದಲೇ ತಿಳಿಸಿ. ತಿಳಿಸದಿದ್ದರೆ ಅದು ಗೇಟಿನ ಬುಟ್ಟಿಗೆ ಬೀಳುತ್ತದೆ.

ವೇದಿಕೆಯ ಮೆಟ್ಟಿಲುಗಳ ಎತ್ತರ ಒಂದೇ ಸಮ ಇರಲಿ. ಆರು ಇಂಚಿಗಿಂತ ಹೆಚ್ಚು ಬೇಡ, ಪಕ್ಕಕ್ಕೆ ಹಿಡಿಕೆ ಇರಲಿ. ಕಾರ್ಪೆಟ್ಟಿನ ಅಂಚುಗಳಿಗೆ ಪೂರ್ತಿ ಟೇಪು ಹಚ್ಚಿ. ಅದರ ಕೆಳಗೆ ವೈರು ಎಳೆಯಬೇಡಿ. ಉಬ್ಬಿದ ಕಡೆ ಕಾಲು ತಡೆಯುತ್ತದೆ. ಬಯಲಿನಲ್ಲಿ ಪೆಂಡಾಲಾದರೆ ನೆಲ ನೋಡಿ. ನಮ್ಮದು ಎರೆ ಭೂಮಿ. ಒಣಗಿದಾಗ ಕಲ್ಲು, ಒಂದು ಮಳೆ ಬಿದ್ದರೆ ಕಂಬ ಇಳಿಯುತ್ತದೆ. ಪ್ರತಿ ಕಂಬದ ಕೆಳಗೆ ಅಗಲವಾದ ಕಬ್ಬಿಣದ ತಗಡು ಹಾಕಬೇಕು. ಕುರ್ಚಿಗೆ, ನಡುದಾರಿಗೆ ಎಲ್ಲ ಸೇರಿ ತಲೆಗೆ 10 ಚದರ ಅಡಿ ಹಿಡಿಯಿರಿ, 1,000 ಜನಕ್ಕೆ 10,000 ಚದರ ಅಡಿ. ವೇದಿಕೆ ಮತ್ತು ಮೊದಲ ಸಾಲಿನ ನಡುವೆ ಪೊಲೀಸರು ಖಾಲಿ ಬಿಡಿಸುವ ಜಾಗ ಇದಕ್ಕೆ ಹೊರತು. ಅದನ್ನು ಲೆಕ್ಕಕ್ಕೆ ಹಿಡಿಯದೆ ಕುರ್ಚಿ ಹಾಕಿ, ಕೊನೆಯ ದಿನ ಮೂರು ಸಾಲು ತೆಗೆಯಬೇಕಾಗಿ ಬಂದು, ಪಾಸು ಕೊಟ್ಟವರಿಗೇ ಕುರ್ಚಿ ಇಲ್ಲದಂತಾಗುವುದು ಸಾಮಾನ್ಯ.

ಕರೆಂಟು. ಜೆಸ್ಕಾಂನವರು ಅವತ್ತು ಲೈನು ಹೋಗದಂತೆ ನೋಡಿಕೊಳ್ಳುತ್ತಾರೆ. ಆದರೂ ಸಭೆಯನ್ನು ಜನರೇಟರಿನ ಮೇಲೆ ನಡೆಸಿ, ಲೈನನ್ನು ಆಸರೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. 62.5 ಕೆವಿಎ ಸದ್ದಿಲ್ಲದ ಜನರೇಟರು ಎರಡು ಇರಲಿ. ಒಂದು ಭಾರ ಹೊರಲಿ, ಇನ್ನೊಂದು ಭಾರವಿಲ್ಲದೆ ಓಡುತ್ತಿರಲಿ. ನಿಂತ ಜನರೇಟರನ್ನು ಚಾಲೂ ಮಾಡುವಷ್ಟರಲ್ಲಿ ಸಭೆಗೆ ಅರ್ಧ ನಿಮಿಷ ಕತ್ತಲಾಗುತ್ತದೆ. ಮುಕ್ಕಾಲು ಭಾರದಲ್ಲಿ ಗಂಟೆಗೆ ಸುಮಾರು 10–12 ಲೀಟರ್ ಡೀಸೆಲ್ ಬೇಕು. ತಾಲೀಮು, ತಪಾಸಣೆ, ಕಾರ್ಯಕ್ರಮ ಎಲ್ಲ ಸೇರಿ 10 ಗಂಟೆ ಓಡುತ್ತದೆ ಎಂದುಕೊಂಡರೆ ಒಂದಕ್ಕೆ 120 ಲೀಟರ್. ಸ್ಥಳದಲ್ಲಿ ಡೀಸೆಲ್ ಕ್ಯಾನು ಇಡಲು ಬಿಡುವುದಿಲ್ಲ, ಆದ್ದರಿಂದ ಟ್ಯಾಂಕನ್ನು ತಪಾಸಣೆಗೆ ಮೊದಲೇ ತುಂಬಿಸಿಬಿಡಿ. ಮೈಕಿನ ಮಿಕ್ಸರಿಗೆ ಪ್ರತ್ಯೇಕ ಯುಪಿಎಸ್ ಬೇಕು. ಬದಲಾವಣೆಯ ಒಂದು ಕ್ಷಣ ಕರೆಂಟು ಹೋದರೂ ಡಿಜಿಟಲ್ ಮಿಕ್ಸರ್ ಮತ್ತೆ ಎದ್ದು ನಿಲ್ಲಲು ಒಂದು ನಿಮಿಷ ತೆಗೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಸಡಿಲ ನ್ಯೂಟ್ರಲ್, ಅಂದರೆ ಕರೆಂಟು ಮರಳಿ ಹೋಗುವ ತಂತಿಯ ಸಡಿಲ ಜಾಯಿಂಟು. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಇರಬೇಕಾದ ಸಾಲಿಗೆ 400ರ ಹತ್ತಿರ ಬಂದುಬಿಡಬಹುದು. ಎಲ್‌ಇಡಿ ಪರದೆ, ಆಂಪ್ಲಿಫೈಯರ್ ಎಲ್ಲ ಒಂದೇ ಏಟಿಗೆ ಸುಟ್ಟುಹೋಗುತ್ತವೆ, ವಾಸನೆಗೆ ಜನ ಎದ್ದು ಓಡುತ್ತಾರೆ. ತಿರುಚಿ ಟೇಪು ಸುತ್ತಿದ ಜಾಯಿಂಟು ಒಂದೂ ಇರಕೂಡದು. ಎಲ್ಲಕ್ಕೂ ಲಗ್ಗು (ವೈರಿನ ತುದಿಗೆ ಕೂರಿಸುವ ಲೋಹದ ತುಂಡು) ಹಾಕಿ, ಪಾನಾದಿಂದ ಬಿಗಿ ಮಾಡಿಸಿ, ಪೂರ್ಣ ಭಾರದಲ್ಲಿ ಒಂದು ಗಂಟೆ ಓಡಿಸಿ ಮುಟ್ಟಿ ನೋಡಿದರೆ ಬಿಸಿಯಾದ ಜಾಯಿಂಟು ತಾನೇ ಗೊತ್ತಾಗುತ್ತದೆ. ಮುಟ್ಟುವ ಮೊದಲು ಕರೆಂಟು ಬಂದ್ ಮಾಡಿ ಅಂತ ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಸರಳಿನಿಂದ ದೂರ ಸರಿದಿರುತ್ತದೆ. ಹಿಂದಿನ ದಿನದಿಂದ ಆ ಗುಂಡಿಗೆ ನೀರು ಹಾಕಿ, ಅರ್ಥಿಂಗಿನ ಅಳತೆ ತೆಗೆಸಿ.

ಹೆಲಿಕಾಪ್ಟರ್ ಬಗ್ಗೆ ಒಂದು ಮಾತು. 2019ರ ನವೆಂಬರಿನಲ್ಲಿ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಕಲಬುರಗಿ ನಗರಕ್ಕೆ ಈ ಕೆಲಸ ಬಹಳ ಹಗುರಾಗಿದೆ. ರನ್‌ವೇ ಮೂರು ಕಿಲೋಮೀಟರಿಗಿಂತ ಉದ್ದ ಇದೆ. ಆದರೆ ಯಾದಗಿರಿ, ಸುರಪುರ, ಆಳಂದ, ಬಸವಕಲ್ಯಾಣದಂಥ ಕಡೆ ಕಾರ್ಯಕ್ರಮವಾದರೆ ಇನ್ನೂ ಹೆಲಿಪ್ಯಾಡೇ ಗತಿ. ವಾಯುಪಡೆಯ ಎಂಐ-17 ಹೆಲಿಕಾಪ್ಟರಿನ ತಿರುಗುವ ರೆಕ್ಕೆಗಳ ವೃತ್ತದ ಅಡ್ಡಗಲ ಸುಮಾರು 21 ಮೀಟರು, ಸಾಮಾನ್ಯವಾಗಿ ಮೂರು ಬರುತ್ತವೆ. ಅವು ಎಬ್ಬಿಸುವ ಗಾಳಿಗೆ ಹತ್ತಿರದ ಪೆಂಡಾಲಿನ ಬಟ್ಟೆ, ಪ್ಲಾಸ್ಟಿಕ್ ಕುರ್ಚಿ, ಫ್ಲೆಕ್ಸ್, ಕಣದಲ್ಲಿ ಒಟ್ಟಿದ ಹೊಟ್ಟು ಎಲ್ಲ ಮೇಲೇಳುತ್ತವೆ. ಎರೆ ಹೊಲದ ಧೂಳು ಎದ್ದರೆ ಪೈಲಟ್‌ಗೆ ನೆಲವೇ ಕಾಣುವುದಿಲ್ಲ. ಸುತ್ತ ನೀರು ಹೊಡೆಸುವ ಟ್ಯಾಂಕರ್ ಸ್ಥಳೀಯರೇ ಒದಗಿಸಬೇಕಾಗುತ್ತದೆ. ನೀರು ಅತಿಯಾದರೂ ಎರೆ ಮಣ್ಣು ಕೆಸರಾಗಿ ಕಾರಿನ ಚಕ್ರ ಹೂತುಕೊಳ್ಳುತ್ತದೆ. ಹಿಂದಿನ ಸಂಜೆ ಒಮ್ಮೆ ನೆನೆಸಿ, ಬೆಳಗ್ಗೆ ತೆಳುವಾಗಿ ಚಿಮುಕಿಸುವುದು ಸರಿಯಾದ ಕ್ರಮ.

ಊಟ-ಉಪಾಹಾರದ ವಿಷಯದಲ್ಲಿ ನಮ್ಮ ಹುರುಪಿಗೆ ಮಿತಿ ಇರಬೇಕು. ಏನು ಬಡಿಸಬೇಕು ಎಂಬುದನ್ನು ಅವರ ಕಡೆಯಿಂದ ತಿಳಿದುಕೊಂಡೇ ಪಟ್ಟಿ ಮಾಡಬೇಕು. ಆಹಾರ ಸುರಕ್ಷತಾ ಅಧಿಕಾರಿಗಳು ಸಾಮಗ್ರಿ, ನೀರು, ಅಡುಗೆ ಎಲ್ಲದರ ಮಾದರಿ ತೆಗೆಯುತ್ತಾರೆ. ಅಡುಗೆಯವರ ಆರೋಗ್ಯ ತಪಾಸಣೆಯೂ ಆಗುತ್ತದೆ. ಹತ್ತೊಂಬತ್ತು ಪದಾರ್ಥ ಇಟ್ಟರೆ ಹತ್ತೊಂಬತ್ತಕ್ಕೂ ಇದೆಲ್ಲ ಆಗಬೇಕು. ನನ್ನ ಕೇಳಿದರೆ ನಾಲ್ಕೈದು ಸಾಕು, ಆದರೆ ಅವು ನಮ್ಮವೇ ಆಗಿರಲಿ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮ ತೊಗರಿಯ ಬ್ಯಾಳಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಜತೆಗೆ ಕಮಲಾಪುರದ ಕೆಂಪು ಬಾಳೆಹಣ್ಣು, ಅದಕ್ಕೂ ಜಿಐ ಇದೆ. ರೊಟ್ಟಿ ಬಡಿಯುವ ಅಕ್ಕಂದಿರ ಹೆಸರು ಪಾಸಿನ ಪಟ್ಟಿಯಲ್ಲಿ ಇರುವುದನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಈಗ ಕಾಣಿಕೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಭಾಗಕ್ಕೆ ಇದು ಬಹಳ ದೊಡ್ಡ ಅವಕಾಶ. 2021ರಲ್ಲಿ ರಾಜ್ಯ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ, ತುರಾಯಿ ಬಿಟ್ಟು ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಮಾಡಿತು, ಒಳ್ಳೆಯ ಪದ್ಧತಿ. ಪುಸ್ತಕದ ಜತೆ ಒಂದು ಬಿದರಿ ವಸ್ತು ಕೊಡಿ. ಬೀದರದ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಕೈಯಿಂದ ಪದ್ಮಶ್ರೀ ಸಿಕ್ಕಿದ್ದು ನಿಮಗೆಲ್ಲ ಗೊತ್ತು. ರಾಷ್ಟ್ರಪತಿ ಭವನಕ್ಕೆ ಬಿದರಿಯ ಪರಿಚಯ ಹೊಸದಲ್ಲ. ಆದ್ದರಿಂದ ಕೊಡುವ ವಸ್ತು ನಿಜವಾದ ಬಿದರಿಯಾಗಿರಬೇಕು, ಕಪ್ಪು ಬಣ್ಣ ಬಳಿದ ಪಾತ್ರೆಯಲ್ಲ.

ನಿಜವಾದದ್ದನ್ನು ತಿಳಿಯಲು ಅದು ಆಗುವ ಬಗೆ ಗೊತ್ತಿರಬೇಕು. 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಕರಗಿಸುತ್ತಾರೆ. ಮಣ್ಣಿಗೆ ಔಡಲೆಣ್ಣೆ, ರಾಳ ಕಲಸಿ ಮಾಡಿದ ಅಚ್ಚಿಗೆ ಸುರಿಯುತ್ತಾರೆ. ಎರಕ ತಣಿದ ಮೇಲೆ ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಕೊರೆಯುವ ಗೆರೆ ಕಾಣಲಿ ಅಂತ ಅದು. ಉಳಿಯಿಂದ ಬಳ್ಳಿ, ಹೂವು ಕೊರೆದು, ಆ ಗೆರೆಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಅನ್ನುತ್ತಾರೆ. ಮತ್ತೆ ಉಜ್ಜಿ ನಯ ಮಾಡಿದ ಮೇಲೆ ಬೀದರ ಕೋಟೆಯೊಳಗಿನ ಹಳೆಯ ಮಣ್ಣಿಗೆ ನವಸಾಗರ ಸೇರಿಸಿದ ನೀರಿನಲ್ಲಿ ಕಾಯಿಸಿ ಉಜ್ಜುತ್ತಾರೆ. ಸತುವಿನ ಮೈ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರುತ್ತಾರೆ. ಕೈಯಿಂದಲೇ ಆಗುವ ಇಷ್ಟು ಕೆಲಸವನ್ನು ಎಂಟು ದಿನದಲ್ಲಿ ಮಾಡಿಕೊಡಿ ಅಂತ ಹೋಗಿ ಕೂತರೆ ಅಂಗಡಿಯಲ್ಲಿ ಸಿದ್ಧವಿದ್ದದ್ದೇ ಸಿಗುತ್ತದೆ. ಭೇಟಿಯ ಸುಳಿವು ಸಿಕ್ಕ ಕೂಡಲೇ, ಕನಿಷ್ಠ ಒಂದೂವರೆ ತಿಂಗಳು ಮೊದಲು, ಮುಂಗಡ ಹಣ ಕೊಟ್ಟು ಹೇಳಿ ಮಾಡಿಸಿ. ಭೇಟಿ ರದ್ದಾದರೂ ವಸ್ತು ನಿಮ್ಮ ಸಂಸ್ಥೆಯಲ್ಲಿ ಉಳಿಯುತ್ತದೆ, ಮಾಡಿದವರಿಗೆ ಕೂಲಿ ಸಿಕ್ಕಿರುತ್ತದೆ.

ಆಳೆತ್ತರದ ಹೂದಾನಿ ಬೇಡ, ಕೈಯಲ್ಲಿ ಹಿಡಿಯುವ ತಟ್ಟೆಯೋ ಪೆಟ್ಟಿಗೆಯೋ ಇರಲಿ. ಗಾಜಿನ ಚೌಕಟ್ಟು ಹಾಕಿಸಬೇಡಿ. ಕಾಣಿಕೆ ತಪಾಸಣೆಗೆ ಹೋಗುವುದರಿಂದ ಪೆಟ್ಟಿಗೆಗೆ ಮೊಳೆ ಹೊಡೆದು ಮುಚ್ಚಬೇಡಿ, ಸುಲಭವಾಗಿ ತೆಗೆದು ಹಾಕುವಂತಿರಲಿ. ಒಳಗೆ ಗಟ್ಟಿ ಕಾಗದದ ಚೀಟಿ ಇಡಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲಿ ವಸ್ತುವಿನ ಹೆಸರು, ಊರು, ಮಾಡಿದ ಕುಶಲಕರ್ಮಿಯ ಹೆಸರು ಬರೆಯಿರಿ. ಹುಣಸೆ, ನಿಂಬೆ ಹಾಕಿ ಉಜ್ಜಬಾರದು, ಮೆತ್ತನೆ ಬಟ್ಟೆಯಿಂದ ಎಣ್ಣೆ ಸವರಿ ಒರೆಸಬೇಕು ಅನ್ನುವ ಒಂದು ಸಾಲೂ ಇರಲಿ. ಕೊಡುವ ಸಂಸ್ಥೆಯ ಹೆಸರನ್ನು ದೊಡ್ಡದಾಗಿ ಕೆತ್ತಿಸಿ ಮಾಡಿದವರ ಹೆಸರನ್ನು ಬಿಡುವ ಪದ್ಧತಿ ನಮ್ಮಲ್ಲಿದೆ, ಅದು ನಿಲ್ಲಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಈ ಕಾಣಿಕೆಗಳು ಕೋಣೆಯಲ್ಲಿ ಮರೆಯಾಗುವುದಿಲ್ಲ. ರಾಷ್ಟ್ರಪತಿ ಭವನ 2024ರ ಜುಲೈ 25ರಂದು ಇ-ಉಪಹಾರ್ ಎಂಬ ಜಾಲತಾಣ ಶುರು ಮಾಡಿ, ರಾಷ್ಟ್ರಪತಿಗಳಿಗೂ ಮಾಜಿ ರಾಷ್ಟ್ರಪತಿಗಳಿಗೂ ಬಂದ ಕಾಣಿಕೆಗಳಲ್ಲಿ ಆಯ್ದವನ್ನು ಹರಾಜಿಗೆ ಇಡುತ್ತಿದೆ. ನಾಳೆ ಅದನ್ನು ಕೊಳ್ಳುವವರ ಕೈಗೆ ನಮ್ಮ ಚೀಟಿಯೂ ಸಿಕ್ಕರೆ ಬೀದರದ ಒಬ್ಬರ ಹೆಸರು ಅವರ ಮನೆಗೂ ಹೋಗುತ್ತದೆ.

ಮನವಿ ಪತ್ರದ ವಿಷಯ. ಎಲ್ಲ ಸಂಘಗಳಿಗೂ ಇದೇ ಆಸೆ, ತಪ್ಪಲ್ಲ. ಆದರೆ ರಾಷ್ಟ್ರಪತಿಗಳು ಏನು ಮಾಡಬಲ್ಲರು ಎಂಬುದು ತಿಳಿದಿರಬೇಕು. ಸಂವಿಧಾನದ 74ನೆಯ ವಿಧಿಯಂತೆ ಅವರು ಮಂತ್ರಿಮಂಡಲದ ಸಲಹೆಯ ಮೇಲೆ ನಡೆಯುತ್ತಾರೆ. ನೇರವಾಗಿ ಹಣ, ರೈಲು, ಕಾರ್ಖಾನೆ ಕೊಡುವುದು ಅವರ ಕೈಯಲ್ಲಿಲ್ಲ. ನಿಮ್ಮ ಮನವಿ ಅವರ ಸಚಿವಾಲಯದಿಂದ ಸಂಬಂಧಪಟ್ಟ ಸಚಿವಾಲಯಕ್ಕೆ ಹೋಗುತ್ತದೆ. ಆದ್ದರಿಂದ ಒಂದು ಪತ್ರದಲ್ಲಿ ಒಂದೇ ಸಚಿವಾಲಯದ ಒಂದೇ ಬೇಡಿಕೆ ಇರಬೇಕು. ರೈಲ್ವೆ ವಿಭಾಗ, ತೊಗರಿ ಆಮದು, ವಿಮಾನ ಹಾರಾಟ ಮೂರನ್ನೂ ಒಂದೇ ಪತ್ರದಲ್ಲಿ ಬರೆದರೆ ಅದನ್ನು ಯಾವ ಸಚಿವಾಲಯಕ್ಕೆ ಕಳಿಸಬೇಕು? ತೊಗರಿಯದ್ದೇ ಬರೆಯುತ್ತೀರಿ ಅನ್ನಿ. 2021ರ ಮೇ ತಿಂಗಳಲ್ಲಿ ಕೇಂದ್ರ ತೊಗರಿ ಆಮದನ್ನು ಮುಕ್ತಗೊಳಿಸಿ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿದೆ. ನಮ್ಮ ಹೊಸ ಬೆಳೆ ಗಂಜಿಗೆ ಬರುವ ಡಿಸೆಂಬರಿನಿಂದ ಫೆಬ್ರವರಿ ತನಕ ಆಮದಿನ ಮೇಲೆ ಮಿತಿ ಇರಲಿ ಅಂತ ಒಂದೇ ಮಾತು ಕೇಳಿ. ಜತೆಗೆ ಆ ತಿಂಗಳುಗಳ ಆವಕ ಮತ್ತು ದರದ ಪಟ್ಟಿಯನ್ನು ನಮ್ಮ ಎಪಿಎಂಸಿಯ ದಾಖಲೆಯಿಂದ ತೆಗೆದು ಲಗತ್ತಿಸಿ. ಪತ್ರ ಒಂದು ಪುಟ ದಾಟಬಾರದು, ಮೊದಲೇ ಜಿಲ್ಲಾಡಳಿತದ ಮೂಲಕ ಹೋಗಬೇಕು. ವೇದಿಕೆ ಮೇಲೆ ಎದ್ದು ಹೋಗಿ ಕೈಗೆ ಕೊಡುವ ಸಾಹಸ ಯಾರೂ ಮಾಡಬಾರದು.

ರಾಷ್ಟ್ರಪತಿಗಳ ಸ್ಥಾನಕ್ಕೂ ನಮ್ಮ ಭಾಗಕ್ಕೂ ಗಟ್ಟಿಯಾದ ಎರಡು ಸಂಬಂಧಗಳಿವೆ, ಭಾಷಣ ಬರೆಯುವವರು ಅವನ್ನು ಬಿಡಬಾರದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯನ್ನು ಸೇರಿಸಿದ ಸಂವಿಧಾನದ 98ನೆಯ ತಿದ್ದುಪಡಿಗೆ 2013ರ ಜನವರಿ 1ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರ ಅಂಕಿತ ಬಿತ್ತು. ನಮ್ಮ ಮಕ್ಕಳ ಸೀಟು, ನೌಕರಿಯ ಮೀಸಲಾತಿ, ಅಭಿವೃದ್ಧಿ ಮಂಡಳಿ ಎಲ್ಲದರ ಬುಡ ಅಲ್ಲಿದೆ. ಎರಡನೆಯದು, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ರಾಷ್ಟ್ರಪತಿಗಳೇ ಸಂದರ್ಶಕರು (ವಿಸಿಟರ್). ಅದು ಬರೀ ಗೌರವದ ಪದವಿಯಲ್ಲ, ಕಾಯ್ದೆಯಲ್ಲಿ ಅಧಿಕಾರವಿರುವ ಸ್ಥಾನ. ವಿಶ್ವವಿದ್ಯಾಲಯದ ವಿಷಯದಲ್ಲಿ ಕೊಡುವ ಮನವಿಗೆ ಅದಕ್ಕೇ ಬೇರೆ ತೂಕ ಇದೆ.

ಕೊನೆಯದಾಗಿ ಊರಿನ ದುಡಿಯುವವರ ಮಾತು. ವಿಮಾನ ನಿಲ್ದಾಣ, ಗುಲಬರ್ಗಾ ವಿಶ್ವವಿದ್ಯಾಲಯ, ಬುದ್ಧ ವಿಹಾರ ಎಲ್ಲವೂ ಸೇಡಂ ರಸ್ತೆಯ ಕಡೆಗೇ ಇವೆ. ವಾಹನ ಸಾಲು ಹೋಗುವಾಗ, ಹಿಂದಿನ ದಿನ ತಾಲೀಮು ನಡೆಯುವಾಗ, ಆ ರಸ್ತೆ ಎರಡೂ ದಿನ ನಿಲ್ಲುತ್ತದೆ. ಪೊಲೀಸರು ಕೊಡುವ ಸಂಚಾರ ಬದಲಾವಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಆದರೆ ನಸುಕಿನಲ್ಲಿ ಟ್ರ್ಯಾಕ್ಟರ್ ಕಟ್ಟುವ ರೈತ ಅದನ್ನು ಓದಿರುವುದಿಲ್ಲ. ತೊಗರಿಯ ಸುಗ್ಗಿಯಲ್ಲಿ ಭೇಟಿ ಬಂದರೆ ಗಂಜಿನ ಅಡತಿಗಳು (ದಲಾಲರು) ತಮ್ಮ ರೈತರಿಗೆ ಎರಡು ದಿನ ಮೊದಲೇ ಫೋನು ಮಾಡಿ ಆ ದಿನ ಮಾಲು ತರಬೇಡಿ ಎನ್ನಬೇಕು. ಊರ ಹೊರಗೆ ಆರು ತಾಸು ನಿಂತ ಟ್ರ್ಯಾಕ್ಟರಿನ ಬಾಡಿಗೆಯನ್ನು ರೈತನೇ ಕೊಡಬೇಕಾಗುತ್ತದೆ. ಲಾರಿ ತುಂಬುವ ಕೆಲಸವನ್ನು ಹಿಂದಿನ ರಾತ್ರಿಗೆ ಹಾಕಿಕೊಂಡರೆ ಹಮಾಲರ ಕೂಲಿ ತಪ್ಪುವುದಿಲ್ಲ. ದಾರಿಬದಿಯ ಚಹಾದ ಬಂಡಿಯವರಿಗೆ ಆ ಎರಡು ದಿನ ಸಭಾಂಗಣದ ಹೊರಗೆ ಕರ್ತವ್ಯದಲ್ಲಿರುವ ಪೊಲೀಸರು, ಡ್ರೈವರುಗಳಿಗೆ ಚಹಾ ಪೂರೈಸುವ ಕೆಲಸ ಕೊಡಿ. ಹೇಗೂ ಯಾರೋ ಒಬ್ಬರಿಗೆ ಆ ದುಡ್ಡು ಕೊಡಲೇಬೇಕಲ್ಲ.

ಲೆಕ್ಕಪತ್ರ ಬರವಣಿಗೆಯಲ್ಲಿರಲಿ. ಸರ್ಕಾರ ಕೊಡುವ ಖರ್ಚು ಯಾವುದು, ಆತಿಥೇಯರದು ಯಾವುದು ಅಂತ ಮೊದಲ ಸಭೆಯಲ್ಲೇ ಬರೆದುಕೊಳ್ಳಿ. ಪೆಂಡಾಲು, ಮೈಕು, ಜನರೇಟರು, ಹೂವು ಪ್ರತಿಯೊಬ್ಬರಿಗೂ ಕೆಲಸದ ಆದೇಶ ಕೈಗೆ ಕೊಡಿ. ದರ, ಜಿಎಸ್‌ಟಿ, ಎಷ್ಟು ದಿನದಲ್ಲಿ ಹಣ ಎಂಬುದು ಅದರಲ್ಲಿರಲಿ. ರದ್ದಾದರೆ ಎಷ್ಟು ಕೊಡುತ್ತೀರಿ ಎಂಬುದೂ ಇರಲಿ, ಹವಾಮಾನಕ್ಕೋ ರಾಷ್ಟ್ರಶೋಕಕ್ಕೋ ಕೊನೆಯ ದಿನ ಪ್ರವಾಸ ರದ್ದಾಗುವುದುಂಟು, ಆ ಹೊತ್ತಿಗೆ ಕಂಬ ನೆಟ್ಟಾಗಿರುತ್ತದೆ. ಬಾಯಿ ಮಾತಿನ ಮೇಲೆ ಕೆಲಸ ಮಾಡಿದವರ ಬಿಲ್ಲು ಯಾರ ಮೇಜಿನ ಮೇಲೂ ಕೂರದೆ ವರ್ಷಗಟ್ಟಲೆ ತಿರುಗುತ್ತದೆ. ಮಾರನೆಯ ದಿನ ಬೆಳಗ್ಗೆ ನಿಮ್ಮಲ್ಲಿ ಇಬ್ಬರು ಸ್ಥಳಕ್ಕೆ ಹೋಗಿ, ಬ್ಯಾರಿಕೇಡಿಗೆ ತೋಡಿದ ಗುಂಡಿಗಳನ್ನೆಲ್ಲ ಎಣಿಸಿ ಮುಚ್ಚಿಸಿ. ಮುಚ್ಚುವಾಗ ಮುರುಮು ಹಾಕಿ ಬಡಿಸಿ. ಎರೆ ಮಣ್ಣನ್ನೇ ಮತ್ತೆ ತುಂಬಿದರೆ ಮೊದಲ ಮಳೆಗೆ ಕುಸಿಯುತ್ತದೆ.